ಎತ್ತಿಟ್ಟ ಸೂಪು

"ತಂಗಳು ಸೂಪನ್ನ ನನ್ನ ಮಗಳ ಊಟಕ್ಕೆ ಕಟ್ಬೇಡ ಅಂತ ಎಷ್ಟು ಸಲ ಬಡ್ಕೋಬೇಕೋ ನಿಂಗೆ? ಕಿವಿ ಕೇಳ್ಸುತ್ತೋ ಇಲ್ವೋ?"

"ತಂಗಳಲ್ಲ ಭಾವ. ಎತ್ತಿಟ್ಟಿದ್ದು."

"ಅದಕ್ಕೂ ಇದಕ್ಕೂ ಏನೋ ವ್ಯತ್ಯಾಸ? ರಾತ್ರಿ ಉಂಡು ಮಿಕ್ಕಿದ್ದು ತಾನೆ?"

"ಉಂಡು ಮಿಕ್ಕಿದ್ದಲ್ಲ. ಯಾರೂ ಉಣ್ಣೋಕೆ ಮುಂಚೆನೇ ತೆಗೆದಿಟ್ಟಿದ್ದು. ಅವಳ ಪಾಲು."

"ಅವಳ ಪಾಲಂತೆ! ನನ್ನ ಮನೇಲಿ ನನ್ನ ಮಗಳಿಗೆ ಪಾಲು ಹಂಚೋಕೆ ನೀನ್ಯಾವನೋ?"

ಆ ಅಡಿಗೆಮನೆಯಲ್ಲಿ ಇಬ್ಬರು ಗಂಡಸರು ಒಟ್ಟಿಗೆ ನಿಂತರೆ ಮೂರನೆಯವರು ಬಾಗಿಲಲ್ಲೇ ನಿಲ್ಲಬೇಕು. ಕೂಗುತ್ತಿದ್ದವನು ಮನೆಯ ಯಜಮಾನ, ಕಾರ್ಖಾನೆಯ ಕ್ಯಾಂಟೀನಿನ ದೊಡ್ಡ ಅಡಿಗೆಯವನು. ಅಲ್ಲಿ ಅವನನ್ನು ಎಲ್ಲರೂ ಕರೆಯುವುದು ದೊಡ್ಡಕೈ ಅಂತ. ದಾನ ಧರ್ಮಕ್ಕೆ ಬಂದ ಹೆಸರಲ್ಲ ಅದು. ಹಂಡೆಗೆ ಉಪ್ಪನ್ನು ಮುಷ್ಟಿಯಲ್ಲಿ ಅಳೆದು ಹಾಕುತ್ತಾನೆ, ಆ ಮುಷ್ಟಿ ಬೇರೆಯವರ ಎರಡು ಮುಷ್ಟಿಗೆ ಸಮ, ಅದಕ್ಕೆ ಬಂದದ್ದು. ತಗ್ಗಿದ ದನಿಯಲ್ಲಿ ಉತ್ತರ ಕೊಡುತ್ತಿದ್ದವನು ಅವನ ಹೆಂಡತಿಯ ತಮ್ಮ, ಗಡಿಯಾರ ರಿಪೇರಿಯವನು. ಅವನು ಅಗಲ ಬಾಯಿಯ ಫ್ಲಾಸ್ಕಿಗೆ ಕುದಿನೀರು ತುಂಬಿ, ಮುಚ್ಚಿ, ಎದೆಗೆ ಒತ್ತಿ ಹಿಡಿದುಕೊಂಡು ನಿಂತಿದ್ದ. ಒಲೆಯ ಮೇಲೆ ನಿನ್ನೆಯ ಸೂಪು ಕುದಿಯಲು ಶುರುವಾಗಿತ್ತು.

ಬಾಗಿಲಲ್ಲಿ ನಿಂತ ಮೂರನೆಯವಳು ಹೆಂಡತಿ. ಲಾಂಡ್ರಿಯಲ್ಲಿ ಬೆಳಗಿನ ಪಾಳಿ ಅವಳದು. ಒಂದು ಕಾಲಿಗೆ ಷೂ ಹಾಕಿಕೊಂಡು ಇನ್ನೊಂದನ್ನು ಕೈಯಲ್ಲಿ ಹಿಡಿದಿದ್ದಳು.

"ಬೆಳಗಾಗೆದ್ದು ಒಂದು ಸೌಟು ಸೂಪಿಗೆ ಪಂಚಾಯ್ತಿ. ಅಷ್ಟು ಉರಿಯೋದಾದ್ರೆ ನೀವೇ ಮಾಡಿ ಕಟ್ರಿ. ಬೇಡ ಅಂದೋರ್ಯಾರು? ಮದುವೆಯಾದ ಹೊಸದರಲ್ಲಿ ಏನಂದಿದ್ರಿ, ನೆನಪಿದ್ಯಾ? ಮನೇಲಿ ನಾನು ಒಲೆ ಮುಟ್ಟಲ್ಲ ಅಂತ."

"ನಾನು ನಿನ್ನ ಹತ್ರ ಮಾತಾಡ್ತಿಲ್ಲ."

"ಗೊತ್ತು ಬಿಡಿ. ನನ್ನ ತವರಿನವರ ಹತ್ರ ಜಗಳ ಅಂದ್ರೆ ನಿಮಗೆ ಹಬ್ಬ." ಅವಳು ಎರಡನೆಯ ಷೂ ಸಿಕ್ಕಿಸಿಕೊಂಡು ಮೆಟ್ಟಿಲಿಳಿದೇಬಿಟ್ಟಳು.

ಅಷ್ಟರಲ್ಲಿ ಮಗಳು ಬಂದಳು. ತಲೆ ಬಾಚಿಯಾಗಿತ್ತು, ಒಂದೇ ಕಾಲಿಗೆ ಕಾಲುಚೀಲ. ಅಪ್ಪನ ಕಂಕುಳ ಕೆಳಗಿನಿಂದ ನುಸುಳಿ ಒಲೆಯ ಹತ್ತಿರ ಹೋಗಿ ಬಗ್ಗಿ ನೋಡಿದಳು.

"ಮಾವಾ, ನಿನ್ನೇದಾ?"

"ನಿನ್ನೇದೇ ಪುಟ್ಟಿ."

"ಸರಿ ಹಾಗಾದ್ರೆ."

ನಿನ್ನೆಯದೇ ಬೇಕು ಅವಳಿಗೆ. ರಾತ್ರಿಯೆಲ್ಲ ಕೂತು ಆಲೂಗಡ್ಡೆ ಕರಗಿ ಸೂಪು ಗಟ್ಟಿಯಾಗಿರುತ್ತದೆ, ಚಮಚದಲ್ಲಿ ನಿಲ್ಲುತ್ತದೆ ಅಂತ ಅವಳ ವಾದ. ದೊಡ್ಡಕೈ ದನಿ ಇಳಿಸಿ ಮಗಳ ಮುಂದೆ ಕುಕ್ಕರುಗಾಲಲ್ಲಿ ಕೂತ.

"ಪುಟ್ಟಿ, ಇದೆಲ್ಲ ಬೇಡ. ಮಧ್ಯಾಹ್ನ ಕ್ಯಾಂಟೀನಿಂದ ಬಿಸಿಬಿಸಿ ಸೂಪು ತಂದು ಸ್ಕೂಲ್ ಗೇಟಲ್ಲಿ ಕೊಟ್ಟು ಹೋಗ್ಲಾ? ಆವಾಗ ತಾನೆ ಮಾಡಿದ್ದು."

"ಬೇಡಪ್ಪ."

"ಯಾಕೆ?"

"ಅದು ಎಲ್ರಿಗೂ ಮಾಡಿದ್ದು."

ಅವಳು ಹಾಗೆ ಅಂದು ಇನ್ನೊಂದು ಕಾಲುಚೀಲ ಹುಡುಕಲು ಹೋದಳು. ಭಾವಮೈದ ಫ್ಲಾಸ್ಕಿನ ನೀರು ಚೆಲ್ಲಿ, ಸೂಪು ತುಂಬಿ, ಮುಚ್ಚಳ ತಿರುಗಿಸಿ ಬಿಗಿ ಮಾಡಿದ. ದೊಡ್ಡಕೈ ಎದ್ದು ಕೆಲಸಕ್ಕೆ ಹೊರಟ.

ಕ್ಯಾಂಟೀನಿನಲ್ಲಿ ಅವನದೇ ಒಂದು ಕಾನೂನು ಇತ್ತು. ಇವತ್ತು ಮಿಕ್ಕಿದ್ದು ನಾಳೆಯ ತಟ್ಟೆಗೆ ಬರಕೂಡದು. ಹಿಂದಿನ ಗೇಟಿನ ಹತ್ತಿರ ಒಂದು ನೀಲಿ ಡ್ರಮ್ಮು ಇತ್ತು. ಊಟ ಮುಗಿದ ಮೇಲೆ ಹಂಡೆಯ ತಳದಲ್ಲಿದ್ದದ್ದೆಲ್ಲ ಅದಕ್ಕೆ. ಸಂಜೆ ಹಂದಿ ಸಾಕುವವನು ಬಂದು ಡ್ರಮ್ಮು ಎತ್ತಿಕೊಂಡು ಹೋಗುತ್ತಿದ್ದ. ಆ ಡ್ರಮ್ಮಿನ ವಾಸನೆಯಲ್ಲೇ ಅರ್ಧ ಆಯುಸ್ಸು ಕಳೆದವನಿಗೆ ಮಿಕ್ಕಿದ್ದು ಅಂದರೆ ಹಂದಿಯ ಪಾಲು, ಅಷ್ಟೇ. ಅದರಲ್ಲಿ ಎತ್ತಿಟ್ಟಿದ್ದು ಅಂತ ಬೇರೆ ಜಾತಿ ಉಂಟು ಅಂತ ಈ ಗಡಿಯಾರದವನು ಅವನಿಗೆ ಪಾಠ ಹೇಳಲು ಬಂದಿದ್ದ.

ಬಂದದ್ದು ನಾಲ್ಕು ದಿನ ಇದ್ದು ಹೋಗುತ್ತೇನೆ ಅಂತ. ಮೆಟ್ಟಿಲ ಕೆಳಗಿನ ಗೂಡಿನಂಥ ಅವನ ಅಂಗಡಿ, ಕಟ್ಟಡ ಕೆಡವಿದಾಗ ಅದರ ಜೊತೆಗೇ ಹೋಯಿತು. ಅವನ ಹೆಂಡತಿ ಅದಕ್ಕೂ ಮೊದಲೇ ತವರಿಗೆ ಹೋಗಿ ಅಲ್ಲೇ ಉಳಿದಿದ್ದಳು. ಒಂದು ಬ್ಯಾಗು, ಒಂದು ಸಣ್ಣ ಹತಾರದ ಪೆಟ್ಟಿಗೆ ಹಿಡಿದುಕೊಂಡು ಬಂದ. ಆಗ ದೊಡ್ಡಕೈಯೇ ಬಾಗಿಲು ತೆಗೆದು, "ಬಾರೋ, ಇದೂ ನಿನ್ನ ಮನೆನೇ" ಅಂದಿದ್ದ. ಅಂದದ್ದು ಬಾಯಿಮಾತಿಗೇನೂ ಅಲ್ಲ. ಆದರೆ ಆ ನಾಲ್ಕು ದಿನ ಮುಗಿಯಲೇ ಇಲ್ಲ. ಕಿಟಕಿಯ ಹತ್ತಿರ, ಮಗಳು ಓದುವ ಮೇಜಿನ ಒಂದು ತುದಿಯಲ್ಲಿ ಅವನ ಗಡಿಯಾರಗಳು ಕೂತವು. ಅವಳು ಲೆಕ್ಕ ಮಾಡುತ್ತಿದ್ದರೆ ಇವನು ಕಣ್ಣಿಗೆ ಮಸೂರ ಕಚ್ಚಿಸಿಕೊಂಡು ಚಿಮಟದಲ್ಲಿ ಕೂದಲಿನಂಥ ಸ್ಪ್ರಿಂಗು ಹಿಡಿಯುತ್ತಿದ್ದ.

ಆಮೇಲೆ ಮಗಳಿಗೆ ಜ್ವರ ಬಂತು. ಏನು ಕೊಟ್ಟರೂ ಬಾಯಿ ಮುಚ್ಚಿಕೊಂಡಳು. ಭಾವಮೈದ ಮನೆಯಲ್ಲಿದ್ದ ಅರ್ಧ ಕ್ಯಾರೆಟ್ಟು, ಒಂದು ತುಂಡು ಕೋಸು, ಎರಡು ಆಲೂಗಡ್ಡೆ, ಕೋಳಿಯ ಮೂಳೆ ಹಾಕಿ ಸೂಪು ಮಾಡಿ ಊದಿ ಊದಿ ಕುಡಿಸಿದ. ಕುಡಿದಳು. ಜ್ವರ ಬಿಟ್ಟಿತು, ಸೂಪು ಬಿಡಲಿಲ್ಲ.

ಅಲ್ಲಿಂದ ಶುರುವಾಯಿತು ದೊಡ್ಡಕೈಯ ಹೊಟ್ಟೆಕಿಚ್ಚು. ಮಗಳು ಈಗ ಚಮಚದ ಮೇಲೆ ಊದುವುದೂ ಮಾವನ ಹಾಗೆಯೇ, ಕಣ್ಣು ಮುಚ್ಚಿ, ತುಟಿ ಸೊಟ್ಟ ಮಾಡಿ. ಸಂಜೆ ಕೆಲಸದಿಂದ ಬಂದು "ಸ್ಕೂಲಲ್ಲಿ ಏನಾಯ್ತು ಪುಟ್ಟಿ?" ಅಂದರೆ, "ಆಗ್ಲೇ ಹೇಳಿ ಮುಗೀತಪ್ಪ, ಮಾವನ್ನ ಕೇಳು" ಅನ್ನುತ್ತಾಳೆ. ತನ್ನ ಮಗಳ ಸುದ್ದಿಯನ್ನು ಭಾವಮೈದನ ಬಾಯಿಂದ ಕೇಳುವ ಗತಿ ಯಾವ ಅಪ್ಪನಿಗೆ ಬಂದಿದೆ? ಅವನು ಕೇಳುತ್ತಿರಲಿಲ್ಲ. ಕೈಕಾಲು ತೊಳೆದು ಟೀವಿ ಮುಂದೆ ಕೂತುಬಿಡುತ್ತಿದ್ದ. ಕಣ್ಣು ಟೀವಿ ಮೇಲಿದ್ದರೂ ಕಿವಿ ಮಾತ್ರ ಆ ಮೇಜಿನ ಕಡೆಗೇ ಇರುತ್ತಿತ್ತು.

ಅವತ್ತು ಮಧ್ಯಾಹ್ನ ಕ್ಯಾಂಟೀನಿನಲ್ಲಿ ಊಟದ ಗಲಾಟೆ ಮುಗಿದ ಮೇಲೆ ಪಾತ್ರೆ ತೊಳೆಯುವ ಹೆಂಗಸು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. ಅವಳ ಮಗಳೂ ಪುಟ್ಟಿಯೂ ಒಂದೇ ಕ್ಲಾಸು.

"ಅಣ್ಣಾ, ನನ್ನ ಮಗಳು ನಿನ್ನೆ ಮನೇಲಿ ರಂಪ ಮಾಡಿಟ್ಲು. ನಿಮ್ಮ ಪುಟ್ಟಿ ತರ್ತಾಳಲ್ಲ, ಅಂಥದೇ ಸೂಪು ಬೇಕಂತೆ. ಫ್ಲಾಸ್ಕಿನ ಮುಚ್ಚಳದಲ್ಲಿ ಎಲ್ರಿಗೂ ಒಂದೊಂದು ಗುಟುಕು ಹಂಚ್ತಾಳಂತೆ. ಇಡೀ ಬೆಂಚು ಬಾಯಿಬಿಟ್ಕೊಂಡು ಕಾಯುತ್ತಂತೆ. ಏನ್ ಹಾಕ್ತೀರಿ ಅದಕ್ಕೆ?"

ಅದು ನನ್ನದಲ್ಲ ಅನ್ನಬೇಕಿತ್ತು. ಬಾಯಿಗೆ ಬಂದದ್ದೇ ಬೇರೆ.

"ಏನಿಲ್ಲಮ್ಮ. ಎಲ್ಲ ಕೈಗುಣ."

"ಅದನ್ನೇ ಅಂದೆ ನಾನೂ. ಅವರಪ್ಪ ಯಾರು ಅಂದ್ಕೊಂಡಿದ್ದೀಯೆ, ನಮ್ಮ ದೊಡ್ಡಕೈ ಕಣೇ ಅಂದೆ. ಅದಕ್ಕವಳು ನನಗೇ ತಿರುಗಿ ಹೇಳ್ತಾಳೆ, ಅಲ್ಲಮ್ಮ, ಅವಳ ಮಾವ ಅಂತೆ ಮಾಡೋದು ಅಂತ! ಮಕ್ಕಳಿಗೇನು ಗೊತ್ತು? ಬೈದು ಬಾಯಿ ಮುಚ್ಚಿಸ್ದೆ."

"ಒಳ್ಳೇದ್ ಮಾಡ್ದೆ" ಅಂದ ದೊಡ್ಡಕೈ.

ಅವಳು ಹೋದ ಮೇಲೂ ಆ ಹೊಗಳಿಕೆ ಮೀನಿನ ಮುಳ್ಳಿನಂತೆ ಗಂಟಲಲ್ಲಿ ಅಡ್ಡ ಕೂತಿತು. ಕಾರ್ಖಾನೆಯ ಇಡೀ ಪಾಳಿ ತನ್ನ ಕೈಯ ಅಡಿಗೆ ಉಂಡು ತೇಗುತ್ತದೆ. ಒಬ್ಬನಾದರೂ ಇವತ್ತಿನವರೆಗೆ ಏನು ಹಾಕಿದ್ದೀಯ ಅಂತ ಕೇಳಿಲ್ಲ. ಆ ಪುಕ್ಕಲ, ಆ ಗಡಿಯಾರದವನು, ಅರ್ಧ ಕ್ಯಾರೆಟ್ಟು ಬೇಯಿಸಿ ಇಡೀ ಬೆಂಚನ್ನು ಬುಟ್ಟಿಗೆ ಹಾಕಿಕೊಂಡಿದ್ದಾನೆ. ನಾಳೆ ಮಗಳ ಫ್ಲಾಸ್ಕಿನಲ್ಲಿ ತನ್ನ ಸೂಪೇ ಹೋಗಬೇಕು. ಅವಳು ಕುಡಿಯಲಿ, ಹಂಚಲಿ, ಬಂದು ಇವತ್ತಿನದು ಎಲ್ಲಕ್ಕಿಂತ ಚೆನ್ನಾಗಿತ್ತು ಅನ್ನಲಿ. ಅವಳು ಅದನ್ನು ಮಾವನ ಮುಖ ನೋಡಿ ಹೇಳುವಾಗ, ಅದು ನಾನು ಮಾಡಿದ್ದು ಪುಟ್ಟಿ ಅಂತ ತಾನು ಹೇಳಬೇಕು. ಹೀಗೆ ಲೆಕ್ಕ ಹಾಕಿಕೊಂಡ ಮೇಲೆ ಅವನಿಗೆ ಸ್ವಲ್ಪ ಉಸಿರಾಡಿದಂತಾಯಿತು.

ಅವತ್ತು ರಾತ್ರಿಯ ಊಟಕ್ಕೂ ಭಾವಮೈದ ಸೂಪು ಮಾಡಿದ. ಯಾರಿಗೂ ಬಡಿಸುವ ಮುಂಚೆ ಸ್ಟೀಲಿನ ಪುಟ್ಟ ಪಾತ್ರೆಗೆ ಮಗಳ ಪಾಲು ತೆಗೆದು, ಮೇಲೊಂದು ತಟ್ಟೆ ಮುಚ್ಚಿ, ತಟ್ಟೆಯ ಮೇಲೊಂದು ಚಮಚ ಇಟ್ಟ. ಚಮಚ ಇದ್ದರೆ ಇದನ್ನು ಯಾರೂ ಮುಟ್ಟಬೇಡಿ ಅಂತ ಅರ್ಥ. ಈ ಮನೆಯಲ್ಲಿ ಅದೂ ಒಂದು ಪದ್ಧತಿ ಆಗಿಹೋಗಿತ್ತು. ದೊಡ್ಡಕೈ ಎರಡು ಬಟ್ಟಲು ಕುಡಿದ. ಉಪ್ಪು ಹೆಚ್ಚೇ ಅಂತ ನೋಡಿದ, ಇಲ್ಲ. ಕಡಿಮೆಯೇ ಅಂದರೆ ಅದೂ ಇಲ್ಲ. ಅದು ಕೆಟ್ಟದಾಗಿದ್ದಿದ್ದರೆ ಅವನಿಗೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ.

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದ. ಚಮಚ ಪಕ್ಕಕ್ಕಿಟ್ಟು, ತಟ್ಟೆ ತೆಗೆದು, ಪಾತ್ರೆಯನ್ನು ಸಿಂಕಿಗೆ ಬಗ್ಗಿಸಿದ. ಸೂಪು ರಾತ್ರಿ ಕೂತು ಗಟ್ಟಿಯಾಗಿತ್ತು, ಒಂದೇ ಸಲಕ್ಕೆ ಬೀಳಲಿಲ್ಲ. ಜಾಲರಿಯ ಮೇಲೆ ಕ್ಯಾರೆಟ್ಟಿನ ಚೂರುಗಳು ಉಳಿದವು. ಎಷ್ಟು ಸಣ್ಣಗೆ ಹೆಚ್ಚಿದ್ದಾನೆ ಕಳ್ಳ, ಎಲ್ಲ ಒಂದೇ ಅಳತೆ! ಒಂದೊಂದನ್ನೇ ಆರಿಸಿ ಕಸದ ಬುಟ್ಟಿಯ ತಳಕ್ಕೆ ಹಾಕಿ ಮೇಲೆ ಹಳೇ ಪೇಪರು ಮುಚ್ಚಿದ. ಪಾತ್ರೆ ತೊಳೆದು ಕವುಚಿ ಹಾಕಿದ.

ಆಮೇಲೆ ಒಲೆ ಹಚ್ಚಿ ತನ್ನ ಸೂಪು ಇಟ್ಟ. ಕ್ಯಾಂಟೀನಿನಲ್ಲಿ ಅವನು ಯಾವುದನ್ನೂ ನಾಲಿಗೆಗೆ ಹಚ್ಚಿ ನೋಡುವವನಲ್ಲ. ರುಚಿ ನೋಡುವುದು ಹೊಸಬರ ಕೆಲಸ, ನನಗೆ ಮೂಗೇ ಸಾಕು ಅನ್ನುತ್ತಿದ್ದ. ಹಂಡೆಯ ಮೇಲೆ ಬಗ್ಗಿ ಆವಿ ಮೂಸಿದರೆ ಉಪ್ಪು, ಖಾರ, ಬೆಂದದ್ದು, ಬೇಯದ್ದು ಎಲ್ಲ ತಿಳಿಯುತ್ತಿತ್ತು. ಈ ಸಣ್ಣ ಪಾತ್ರೆಯಲ್ಲಿ ಆವಿ ಅಂದರೆ ಎಷ್ಟು, ಬೀಡಿಯ ಹೊಗೆಯಷ್ಟು. ಆದರೂ ಮೂಗು ಒಡ್ಡಿ ಎಳೆದುಕೊಂಡ, ಏನೂ ತಿಳಿಯಲಿಲ್ಲ. ಚಿಟಿಕೆ ಉಪ್ಪು ಹಾಕಿದ. ಅವನ ಚಿಟಿಕೆ ಎಷ್ಟು ದೊಡ್ಡದು ಅನ್ನುವುದು ಅವನಿಗೆ ಗೊತ್ತಿರಲಿಲ್ಲ, ಯಾಕೆಂದರೆ ಇಷ್ಟು ವರ್ಷ ಆ ಚಿಟಿಕೆ ಬಿದ್ದದ್ದು ಹಂಡೆಗೆ. ಮತ್ತೆ ಮೂಸಿದ. ಇನ್ನೊಂದು ಚಿಟಿಕೆ ಹಾಕಿದ. ಫ್ಲಾಸ್ಕಿಗೆ ಸುರಿದು ಮುಚ್ಚಳ ತಿರುಗಿಸಿದ.

ಭಾವಮೈದ ಎದ್ದು ಬಂದು ಕವುಚಿದ ಪಾತ್ರೆ ನೋಡಿದ, ತುಂಬಿದ ಫ್ಲಾಸ್ಕು ನೋಡಿದ, ಭಾವನ ಮುಖ ನೋಡಿದ.

"ಮೊದ್ಲು ಕುದಿನೀರು ಹಾಕಿ ಇಟ್ಟಿದ್ರಾ ಭಾವ, ಫ್ಲಾಸ್ಕಿಗೆ? ಇಲ್ದಿದ್ರೆ ಬೇಗ ಆರುತ್ತೆ."

"ನನಗೇ ಅಡಿಗೆ ಹೇಳ್ಕೊಡ್ತೀಯೇನೋ?"

ಮಗಳು ಓಡಿ ಬಂದಳು. "ಮಾವಾ, ನಿನ್ನೇದಾ?"

ದೊಡ್ಡಕೈ ಒಲೆ ಒರೆಸುವ ಬಟ್ಟೆಯನ್ನು ಹಿಂಡುತ್ತ ನಿಂತ. ಭಾವಮೈದ ಫ್ಲಾಸ್ಕನ್ನು ಅವಳ ಚೀಲದಲ್ಲಿ ಇಡುತ್ತ, "ಹೂಂ ಪುಟ್ಟಿ, ನಿನ್ನೇದೇ" ಅಂದ. ಅವಳು ಹಿಂದೆ ಮುಂದೆ ನೋಡದೆ ನಂಬಿದಳು. ದೊಡ್ಡಕೈಗೆ ಅದೂ ಚುಚ್ಚಿತು. ಇವನು ಹೇಳಿದ ಸುಳ್ಳನ್ನೂ ತನ್ನ ಮಗಳು ಹೀಗೆ ನಂಬುತ್ತಾಳೆ!

ಸಂಜೆ ಅವನು ಬೇಗ ಬಂದ. ಬರುವಾಗಲೇ ಮುಖದಲ್ಲಿ ಒಂದು ನಗು ತಯಾರಿತ್ತು. ಹೆಂಡತಿ ಬಟ್ಟೆ ಮಡಿಸುತ್ತಿದ್ದಳು, ಭಾವಮೈದ ಮೇಜಿನ ಹತ್ತಿರ ಒಂದು ಗಡಿಯಾರದ ಹಿಂಬದಿ ಬಿಚ್ಚಿಕೊಂಡು ಕೂತಿದ್ದ. ಮಗಳು ಸ್ಕೂಲಿನಿಂದ ಬಂದವಳು ಚೀಲವನ್ನೂ ಇಳಿಸದೆ ಫ್ಲಾಸ್ಕನ್ನು ಮಾವನ ಮುಂದೆ ಕುಕ್ಕಿದಳು. ಅದರೊಳಗೆ ಸೂಪು ಕುಲುಕಿದ ಸದ್ದಾಯಿತು.

"ಮಾವಾ! ಏನು ಮಾಡಿಟ್ಟಿದ್ದೀಯ ಇವತ್ತು? ಥೂ! ಬರೀ ಉಪ್ಪು! ಅದೂ ತಣ್ಣಗೆ! ಎಲ್ರೂ ಕಿಟಕಿಯಿಂದ ಆಚೆ ಉಗುಳಿದ್ರು ಗೊತ್ತಾ? ನನಗೆ ಎಷ್ಟು ಅವಮಾನ ಆಯ್ತು ಗೊತ್ತಾ?"

ಭಾವಮೈದ ಕಣ್ಣಿನ ಮಸೂರ ತೆಗೆದ. ಭಾವನ ಕಡೆ ನೋಡಲಿಲ್ಲ.

"ಕೈ ತಪ್ಪಿತು ಪುಟ್ಟಿ."

"ನೀನು ರುಚಿ ನೋಡ್ಲಿಲ್ವಾ?"

"ಇಲ್ಲ. ಮರೆತೆ."

ಅವಳು ಸ್ವಲ್ಪ ಹೊತ್ತು ಅವನನ್ನು ದುರುಗುಟ್ಟಿ ನೋಡಿದಳು. ಆಮೇಲೆ ಮುಖ ಸಡಿಲಾಯಿತು. ಹತ್ತಿರ ಹೋಗಿ ಅವನ ಕುತ್ತಿಗೆ ಸುತ್ತ ಕೈ ಹಾಕಿ, ಗಲ್ಲ ಹಿಡಿದು ಅಲ್ಲಾಡಿಸಿದಳು.

"ಹೋಗ್ಲಿ ಬಿಡು ಮಾವ. ಬೇಜಾರು ಮಾಡ್ಕೋಬೇಡ. ನಾಳೆ ಸರಿಯಾಗಿ ಮಾಡು. ನಾನು ಅವರಿಗೆಲ್ಲ ಹೇಳ್ತೀನಿ, ನಮ್ಮ ಮಾವನಿಗೆ ಹುಷಾರಿರ್ಲಿಲ್ಲ ಅಂತ."

ದೊಡ್ಡಕೈ ಬಾಗಿಲ ಹತ್ತಿರ ನಿಂತು ಎಲ್ಲ ನೋಡಿದ. ಅವರೆಲ್ಲ ಉಗುಳಿದ್ದನ್ನು ಅವನು ಹೇಗೋ ನುಂಗಿಕೊಳ್ಳುತ್ತಿದ್ದ. ಯಾರಿಗೂ ಗೊತ್ತಿಲ್ಲ, ಭಾವಮೈದ ಬಾಯಿ ಬಿಡುವವನಲ್ಲ, ಅಲ್ಲಿಗೆ ಮುಗಿದುಹೋಗುತ್ತಿತ್ತು. ಆದರೆ ಈ ಕೈ, ಈ ಗಲ್ಲ ಹಿಡಿದು ಅಲ್ಲಾಡಿಸಿದ್ದು, ಈ ಹೋಗ್ಲಿ ಬಿಡು? ಅದು ಯಾರಿಗೆ ಸೇರಬೇಕಾದದ್ದು? ಕೆಟ್ಟ ಸೂಪು ಮಾಡಿದವನು ತಾನು. ಕ್ಷಮೆಯನ್ನೂ ಅವನೇ ಹೊಡೆದುಕೊಂಡ!

"ಅದು ನಾನು ಮಾಡಿದ್ದು!" ಅಂತ ಕೂಗಿದ.

ಎಲ್ಲರೂ ತಿರುಗಿದರು.

"ಏನ್ ಹಾಗೆ ನೋಡ್ತೀಯ? ನಾನೇ ಮಾಡಿದ್ದು ಅದನ್ನ! ಅವನಲ್ಲ. ನಿಮ್ಮಪ್ಪ ಮಾಡಿದ್ದು."

ಮಗಳು ಮಾವನ ಕುತ್ತಿಗೆಯಿಂದ ಕೈ ತೆಗೆಯಲಿಲ್ಲ. ಅಪ್ಪ ಏನೋ ಹುಡುಗಾಟ ಆಡುತ್ತಿದ್ದಾನೆ ಅನ್ನುವಂತೆ ನೋಡಿದಳು. ಅವಳು ಬಂದು ತನ್ನ ಗಲ್ಲ ಹಿಡಿಯಬಹುದು, ಹೋಗ್ಲಿ ಬಿಡಪ್ಪ ಅನ್ನಬಹುದು ಅಂತ ಅವನು ಕಾದ. ಅವಳು ಬೇರೆಯದೇ ಕೇಳಿದಳು.

"ಮತ್ತೆ ಮಾವ ಎತ್ತಿಟ್ಟಿದ್ದು ಎಲ್ಲಿ?"

"ಚೆಲ್ದೆ."

"ಎಲ್ಲಿಗೆ?"

"ಮೋರಿಗೆ!"

ಅವಳ ಮುಖ ಸಣ್ಣದಾಯಿತು. ಅಳುತ್ತ ಮಾವನ ಅಂಗಿಯಲ್ಲಿ ಮುಖ ಹುದುಗಿಸಿದಳು. ಭಾವಮೈದನ ಕೈ ತಾನಾಗಿಯೇ ಅವಳ ತಲೆಯ ಮೇಲೆ ಹೋಯಿತು. ಆ ಕೈ ನೋಡಿದ್ದೇ ದೊಡ್ಡಕೈಯ ಕಣ್ಣಿಗೆ ಕತ್ತಲೆ ಕವಿಯಿತು. ಆಮೇಲೆ ಬಾಯಿಗೆ ಬಂದದ್ದಕ್ಕೆ ತಡೆ ಇರಲಿಲ್ಲ.

"ತೆಗಿಯೋ ಕೈ! ಮಿಕ್ಕಿದ್ದನ್ನ ತಿನ್ನಿಸಿ ತಿನ್ನಿಸಿ ನನ್ನ ಮಗಳನ್ನ ಬುಟ್ಟಿಗೆ ಹಾಕ್ಕೊಂಡಿದ್ದೀಯ. ಎತ್ತಿಟ್ಟಿದ್ದಂತೆ, ಎತ್ತಿಟ್ಟಿದ್ದು! ನೀನೇ ಒಬ್ಬ ಮಿಕ್ಕಿದವನು ಕಣೋ. ಹೆಂಡ್ತಿಗೆ ಬೇಡವಾದೆ, ಅಂಗಡಿಗೆ ಬೇಡವಾದೆ, ಎಲ್ಲರೂ ಉಂಡು ಬಿಟ್ಟ ಮೇಲೆ ತಳದಲ್ಲಿ ಮಿಕ್ಕಿದ್ದು ಬಂದು ನನ್ನ ಮನೇಲಿ ಬಿದ್ದಿದೆ!"

ಹೆಂಡತಿಯ ಕೈಯಲ್ಲಿದ್ದ ಬಟ್ಟೆ ಕೈಯಲ್ಲೇ ನಿಂತಿತು. "ಏನಂದ್ರಿ?" ಅಂದಳು. "ಇನ್ನೊಂದ್ಸಲ ಹೇಳಿ. ಏನಂದ್ರಿ ನನ್ನ ತಮ್ಮನಿಗೆ?"



ಭಾವಮೈದ ಮಗಳನ್ನು ಮೆಲ್ಲಗೆ ಬಿಡಿಸಿ ಕುರ್ಚಿಯ ಮೇಲೆ ಕೂರಿಸಿದ. ಬಿಚ್ಚಿದ್ದ ಗಡಿಯಾರಕ್ಕೆ ಹಿಂಬದಿಯ ಮುಚ್ಚಳ ಕೂರಿಸಿ ಒತ್ತಿದ. ಚಿಮಟ, ಮಸೂರ, ಸ್ಕ್ರೂ ಡ್ರೈವರುಗಳನ್ನು ಪೆಟ್ಟಿಗೆಯಲ್ಲಿ ಅದರದರ ಜಾಗದಲ್ಲಿ ಇಟ್ಟ. ಒಳಗೆ ಹೋಗಿ ಬ್ಯಾಗು ತಂದ. ಬಂದಾಗ ಎಷ್ಟಿತ್ತೋ ಅಷ್ಟೇ ಇತ್ತು ಅದು.

"ಎಲ್ಲಿಗೋ?" ಅಂದಳು ಅಕ್ಕ. "ಅವರು ಏನೋ ಬಾಯಿ ಹರ್ಕೊಂಡ್ರು ಅಂತ ನೀನೂ... ಇಡು ಅದನ್ನ ಕೆಳಗೆ."

"ಇಲ್ಲಕ್ಕ. ಬರ್ತೀನಿ."

"ಮಾವಾ, ಎಲ್ಲಿಗೆ?"

ಅವನು ಬ್ಯಾಗು ಹೆಗಲಿಗೇರಿಸಿದ. ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಳ್ಳುತ್ತ ಭಾವನ ಮುಂದೆ ನಿಂತ. ಆ ಮನೆಗೆ ಬಂದಾಗಿನಿಂದ ಮೊದಲ ಸಲ ಅವನ ದನಿ ಗಟ್ಟಿಯಾಗಿತ್ತು.

"ಭಾವ, ಮುಂದೆ ಮಾಡುವಾಗ ಉಪ್ಪನ್ನ ಕೈಯಲ್ಲಿ ಹಾಕ್ಬೇಡಿ. ಚಮಚದಲ್ಲಿ ಹಾಕಿ. ನಾಲಿಗೆಗೆ ಹಚ್ಚಿ ನೋಡಿ. ಅವಳೊಬ್ಬಳಿಗೆ ಮಾಡೋದು ಅದು, ಹಂಡೆಯಲ್ಲ."

ಮೆಟ್ಟಿಲಿಳಿದ. ಹೆಂಡತಿ ಕೈಯಲ್ಲಿದ್ದ ಬಟ್ಟೆ ಬಿಸಾಕಿ, ಬರಿಗಾಲಲ್ಲೇ ಹಿಂದೆ ಓಡಿದಳು. ಕೆಳಗೆ ರಸ್ತೆಯಲ್ಲಿ ಅವಳು ಕರೆಯುವುದು ಎರಡು ಸಲ ಕೇಳಿಸಿತು. ಆಮೇಲೆ ಬಸ್ಸು ನಿಂತು ಹೊರಟ ಸದ್ದು. ಮೆಟ್ಟಿಲ ಮೇಲೆ ಹೆಜ್ಜೆ ಕೇಳಿ ದೊಡ್ಡಕೈ ಬಾಗಿಲು ಪೂರ್ತಿ ತೆಗೆದ. ಅವಳೊಬ್ಬಳೇ ಇದ್ದಳು.

"ಬರ್ತಾನೆ ಬಿಡೆ" ಅಂದ. "ಎಲ್ಲಿಗೆ ಹೋಗ್ತಾನೆ? ಸಿಟ್ಟು ಇಳಿದ ಮೇಲೆ ತಾನಾಗೇ ಬರ್ತಾನೆ."

ಅವಳು ಅವನನ್ನು ದಾಟಿಕೊಂಡು ಅಡಿಗೆಮನೆಗೆ ಹೋದಳು. ಅವತ್ತು ಅವಳೇ ಏನೋ ಬೇಯಿಸಿದಳು. ಮೂವರೂ ತಟ್ಟೆಯ ಮುಂದೆ ಕೂತರು. ಮಗಳು ಅನ್ನ ಕಲಸಿಕೊಂಡು ಬಾಗಿಲ ಕಡೆಗೇ ನೋಡುತ್ತಿದ್ದಳು. ಪಕ್ಕದಲ್ಲಿ ಅಪ್ಪ ಕೂತಿದ್ದಾನೆ, ಕಣ್ಣು ಮಾತ್ರ ಅಲ್ಲಿ. ಎದ್ದು ಹೋದ ಮೇಲೂ ಅವನೇ ಮನೆ ತುಂಬ ಕೂತಿದ್ದಾನಲ್ಲ ಅಂತ ದೊಡ್ಡಕೈಗೆ ಮತ್ತೆ ಉರಿಯಿತು. ಉರಿದರೂ ಹೆಂಡತಿ ಪಾತ್ರೆ ಎತ್ತಲು ಎದ್ದಾಗ ಬಾಯಿಂದ ಬಂದದ್ದು ಇಷ್ಟು.

"ಅವನಿಗೆ ಎತ್ತಿಡು."

ಅವಳು ನಿಂತು ಅವನ ಮುಖ ನೋಡಿದಳು. ಸ್ಟೀಲಿನ ಪುಟ್ಟ ಪಾತ್ರೆಗೆ ಹಾಕಿ, ತಟ್ಟೆ ಮುಚ್ಚಿ, ಮೇಲೊಂದು ಚಮಚ ಇಟ್ಟಳು.

ಬೆಳಿಗ್ಗೆ ಚಮಚ ಇಟ್ಟಲ್ಲೇ ಇತ್ತು. ಮಗಳು ಯೂನಿಫಾರಂ ಹಾಕಿಕೊಂಡು ಅಡಿಗೆಮನೆಗೆ ಬಂದಳು. ಕವುಚಿ ಹಾಕಿದ್ದ ಫ್ಲಾಸ್ಕನ್ನು ನೋಡಿದಳು. ಚಮಚ ತೆಗೆದು, ತಟ್ಟೆ ಎತ್ತಿ, ಒಳಗೆ ಬಗ್ಗಿದಳು.

"ಅಪ್ಪಾ, ಇದು ಎತ್ತಿಟ್ಟಿದ್ದಾ, ಮಿಕ್ಕಿದ್ದಾ?"

ದೊಡ್ಡಕೈ ಬಾಗಿಲ ಕಡೆ ನೋಡಿದ. ಮೆಟ್ಟಿಲ ಮೇಲೆ ಯಾರ ಹೆಜ್ಜೆಯೂ ಇರಲಿಲ್ಲ. ಅವತ್ತೂ ಇಲ್ಲ, ಆಮೇಲೂ ಇಲ್ಲ.